ಹತ್ತು ಪರದೆ, ಒಂದೇ ಗಳಿಗೆ

ಒಂದು ಆನ್‌ಲೈನ್ ಕ್ವಿಜ್ ಆ್ಯಪ್ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಆಡುವವರು ಹತ್ತು ಜನ. ಒಬ್ಬರು ಮೈಸೂರಿನಲ್ಲಿ, ಒಬ್ಬರು ಕಲಬುರಗಿಯಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ. ಪ್ರಶ್ನೆ ಎಲ್ಲರಿಗೂ ಒಂದೇ ಹೊತ್ತಿಗೆ ಕಾಣಬೇಕು. ಹತ್ತು ಸೆಕೆಂಡಿನ ಕೌಂಟ್‌ಡೌನ್ ಎಲ್ಲರ ಪರದೆಯಲ್ಲೂ ಒಟ್ಟಿಗೆ ಮುಗಿಯಬೇಕು. ಮೊದಲು ಬಟನ್ ಒತ್ತಿದವರಿಗೆ ಅಂಕ. ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ಎಲ್ಲ ಕಂಪ್ಯೂಟರಿನಲ್ಲೂ ಗಡಿಯಾರ ಇದೆ. ಅದನ್ನು ನೋಡಿದರೆ ಆಯಿತು.

ಆಗುವುದಿಲ್ಲ. ಆ ಹತ್ತು ಗಡಿಯಾರಗಳು ಒಂದಕ್ಕೊಂದು ತಾಳೆಯಾಗುವುದು ಅಪರೂಪ. ಒಂದು ಅರ್ಧ ಸೆಕೆಂಡ್ ಮುಂದೆ, ಇನ್ನೊಂದು ಎರಡು ಸೆಕೆಂಡ್ ಹಿಂದೆ. ಯಾರೋ ಒಬ್ಬರದ್ದು ಏಳು ನಿಮಿಷ ಮುಂದಿರುತ್ತದೆ, ಅವರಿಗೆ ಅದು ಗೊತ್ತೇ ಇರುವುದಿಲ್ಲ.

ಕಾರಣ ಸರಳ. ಕಂಪ್ಯೂಟರಿನ ಗಡಿಯಾರ ನಡೆಯುವುದು ಒಂದು ಪುಟ್ಟ ಕ್ವಾರ್ಟ್ಜ್ ಚೂರಿನ ಮೇಲೆ. ಕೈಗಡಿಯಾರದಲ್ಲಿ ಇರುವಂಥದ್ದೇ. ಸೆಕೆಂಡಿಗೆ 32,768 ಸಲ ಕಂಪಿಸುವ ಹಾಗೆ ಅದನ್ನು ಕತ್ತರಿಸಿರುತ್ತಾರೆ. ಈ ವಿಚಿತ್ರ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದಕ್ಕೆ ಬರುತ್ತದೆ, ಅದಕ್ಕೇ ಅದು. ಆದರೆ ಯಾವ ಚೂರೂ ಕರಾರುವಾಕ್ಕಾಗಿ ಇರುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಮ್ಮಿ ಮಾಮೂಲು. ದಿನಕ್ಕೆ 86,400 ಸೆಕೆಂಡ್ ಅಂತ ಲೆಕ್ಕ ಹಾಕಿದರೆ ಸುಮಾರು 1.7 ಸೆಕೆಂಡ್ ತಪ್ಪು. ತಿಂಗಳಿಗೆ ಐವತ್ತು ಸೆಕೆಂಡ್. ಸೆಕೆ ಜಾಸ್ತಿಯಾದರೆ ಈ ಲೆಕ್ಕವೂ ಬದಲಾಗುತ್ತದೆ.

ಇದನ್ನು ನೆಟ್ ಮೂಲಕ ಆಗಾಗ ತಿದ್ದಿಕೊಳ್ಳಲು ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್) ಎಂಬ ವ್ಯವಸ್ಥೆ ಇದೆ. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಅದರ ಮೊದಲ ರೂಪವನ್ನು ಪ್ರಕಟಿಸಿದರು. ಆಮೇಲೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಇದ್ದುಕೊಂಡು ದಶಕಗಳ ಕಾಲ ಅದನ್ನೇ ಬೆಳೆಸಿದರು. ಸರ್ವರ್ ನಡೆಸುವವರಿಗೆ ಭಾರತದಲ್ಲಿ ಈಗ ಇದು ನಿಯಮವೂ ಹೌದು. ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಕಚೇರಿಗಳು ತಮ್ಮ ಗಡಿಯಾರಗಳನ್ನು ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿಯ ಅಥವಾ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಭಾರತೀಯ ಕಾಲಮಾನವಾದ ಐಎಸ್‌ಟಿಯನ್ನು ಕಾಯುವುದು ಈ ಪ್ರಯೋಗಾಲಯವೇ.

ಸರ್ವರ್ ವಿಷಯ ಆಯಿತು. ಬಳಕೆದಾರರ ಲ್ಯಾಪ್‌ಟಾಪ್ ಮೇಲೆ ಯಾರ ಆದೇಶವೂ ನಡೆಯುವುದಿಲ್ಲ. ಕೆಲವು ಆಫೀಸುಗಳ ಫೈರ್‌ವಾಲ್ ಎನ್‌ಟಿಪಿಯನ್ನೇ ತಡೆದಿರುತ್ತದೆ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿರುತ್ತದೆ. ಪ್ರತಿ ಸಲ ಆನ್ ಮಾಡಿದಾಗ ಹತ್ತು ವರ್ಷ ಹಿಂದಿನ ತಾರೀಖು ತೋರಿಸಿ, ಸರ್ಟಿಫಿಕೇಟ್ ಸರಿಯಿಲ್ಲ ಅಂತ ವೆಬ್‌ಸೈಟುಗಳೇ ತೆರೆಯುವುದಿಲ್ಲ. ಇನ್ನು ಬೇಕಂತಲೇ ಬದಲಾಯಿಸುವವರೂ ಇದ್ದಾರೆ. ಕ್ಯಾಂಡಿ ಕ್ರಶ್‌ನಲ್ಲಿ ಲೈಫ್ ಮುಗಿದಾಗ ಫೋನಿನ ಗಡಿಯಾರವನ್ನು ಮುಂದೆ ತಿರುಗಿಸಿ ಹೊಸ ಲೈಫ್ ಗಿಟ್ಟಿಸಿದವರು ನಮ್ಮಲ್ಲೇ ಎಷ್ಟು ಜನ ಇಲ್ಲ!

ವೆಬ್ ಪುಟವೇ ಎನ್‌ಟಿಪಿ ಬಳಸಿಕೊಳ್ಳಬಹುದಲ್ಲ ಅನ್ನಬಹುದು. ಅದೂ ಆಗದು. ಎನ್‌ಟಿಪಿ ನಡೆಯುವುದು ಯುಡಿಪಿ ಎಂಬ ಸಂದೇಶ ಸಾಗಿಸುವ ವಿಧಾನದ ಮೇಲೆ, 123ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಿನಲ್ಲಿ. ಬ್ರೌಸರ್ ಆ ದಾರಿಯನ್ನು ಪುಟದ ಪ್ರೋಗ್ರಾಂ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಬಿಟ್ಟುಕೊಡುವುದಿಲ್ಲ. ಕಂಪ್ಯೂಟರಿನ ಗಡಿಯಾರವನ್ನು ಮುಟ್ಟುವ ಅಧಿಕಾರವಂತೂ ಪುಟಕ್ಕೆ ಇಲ್ಲವೇ ಇಲ್ಲ.

ಹಾಗಾಗಿ ತಿದ್ದುವ ಆಸೆ ಬಿಡಿ. ಬೇಕಾಗಿರುವುದು ಒಂದೇ ಸಂಖ್ಯೆ. ಈ ಕಂಪ್ಯೂಟರಿನ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ ಎಷ್ಟು ಅಂತರ? ಅದು ಗೊತ್ತಾದರೆ ತಪ್ಪು ಗಡಿಯಾರ ಇಟ್ಟುಕೊಂಡೇ ಸರಿಯಾದ ಹೊತ್ತು ಹೇಳಬಹುದು. ನಮ್ಮ ಕ್ವಿಜ್‌ಗೆ ಸರ್ವರಿನ ಸಮಯ ನಿಜಕ್ಕೂ ಸರಿ ಇದೆಯೇ ಎಂಬುದೂ ಮುಖ್ಯವಲ್ಲ, ಎಲ್ಲರೂ ಅದನ್ನೇ ಒಪ್ಪಿದರೆ ಸಾಕು. ತತ್ಕಾಲ್ ಟಿಕೆಟ್ಟಿನಂಥ ಕಡೆ ಮಾತ್ರ ನಿಜವಾದ ಸಮಯ ಬೇಕು. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಬುಕಿಂಗ್ ಶುರು. ನಿಮ್ಮ ಫೋನಿನಲ್ಲಿ 10 ಹೊಡೆದರೆ ಏನೂ ಆಗುವುದಿಲ್ಲ. ರೈಲ್ವೆಯ ಸರ್ವರಿನಲ್ಲಿ 10 ಆಗಬೇಕು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗೋಣ. ನ್ಯೂಜೆರ್ಸಿ ಅಂದ ಕೂಡಲೇ ಟೈಮ್‌ಜೋನ್ ತಲೆಗೆ ಬರುತ್ತದೆ. ಅದು ನಮ್ಮ ಸಮಸ್ಯೆಯೇ ಅಲ್ಲ. ಕಂಪ್ಯೂಟರುಗಳು ತಮ್ಮೊಳಗೆ ಮಾತಾಡಿಕೊಳ್ಳುವಾಗ 1970ರ ಜನವರಿ 1ರಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಎಂಬ ಲೆಕ್ಕ ಇಟ್ಟುಕೊಳ್ಳುತ್ತವೆ, ಅದೂ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ (ನಮ್ಮ ಐಎಸ್‌ಟಿ ಅದಕ್ಕಿಂತ ಐದೂವರೆ ಗಂಟೆ ಮುಂದೆ). ಆ ಸಂಖ್ಯೆ ಮೈಸೂರಿಗೂ ಅದೇ, ನ್ಯೂಜೆರ್ಸಿಗೂ ಅದೇ. ಪರದೆ ಮೇಲೆ ತೋರಿಸುವಾಗ ಮಾತ್ರ ಊರಿನ ಸಮಯಕ್ಕೆ ಬದಲಾಯಿಸಿ. ಒಂದೇ ಒಂದು ಕಡೆ ಹುಷಾರಾಗಿರಬೇಕು. ಜಾವಾಸ್ಕ್ರಿಪ್ಟ್‌ಗೆ ಬರೀ ತಾರೀಖನ್ನು ಅಕ್ಷರದಲ್ಲಿ ಕೊಟ್ಟರೆ ಅದನ್ನು ಯುಟಿಸಿ ಅಂತ ಓದುತ್ತದೆ. ಜೊತೆಗೆ ಗಂಟೆ ನಿಮಿಷವನ್ನೂ ಕೊಟ್ಟು ಜೋನ್ ಹೇಳದೆ ಬಿಟ್ಟರೆ ಊರಿನ ಸಮಯ ಅಂತ ಓದುತ್ತದೆ. ಭಾರತದಲ್ಲಿ ಮಧ್ಯರಾತ್ರಿ ಇರಬೇಕಾದ ಜಾಗದಲ್ಲಿ ಬೆಳಿಗ್ಗೆ ಐದೂವರೆ ಕಂಡರೆ, ತಪ್ಪು ಎಲ್ಲಿದೆ ಅಂತ ಇನ್ನು ಹುಡುಕಬೇಕಿಲ್ಲ.

ಅಂತರ ಅಳೆಯುವುದು ಹೇಗೆ

ಸರ್ವರನ್ನು ಕೇಳುವುದು. ಆದರೆ ಉತ್ತರ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಸಮಯ ಕೇಳುವುದರ ತಮಾಷೆಯೇ ಇದು: ಉತ್ತರ ದಾರಿಯಲ್ಲಿರುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ನನ್ನ ಗಡಿಯಾರದಲ್ಲಿ ಸರಿಯಾಗಿ ಹತ್ತು ಗಂಟೆ. ಆಗ "ನಿಮ್ಮಲ್ಲಿ ಎಷ್ಟು ಹೊತ್ತು?" ಅಂತ ಸರ್ವರಿಗೆ ಸಂದೇಶ ಕಳಿಸಿದೆ. ಅದು "ಹತ್ತು ಗಂಟೆ 3 ಸೆಕೆಂಡ್ 120 ಮಿಲಿಸೆಕೆಂಡ್" ಅಂತ ಬರೆದು ವಾಪಸ್ ಕಳಿಸಿತು. ಉತ್ತರ ಕೈಗೆ ಬಂದಾಗ ನನ್ನ ಗಡಿಯಾರದಲ್ಲಿ ಹತ್ತು ಗಂಟೆ ಆಗಿ 240 ಮಿಲಿಸೆಕೆಂಡ್. ಅಂದರೆ ಹೋಗಿ ಬರಲು 240 ಹಿಡಿಯಿತು. ಹೋಗಲು ಅರ್ಧ, ಬರಲು ಅರ್ಧ ಅಂದುಕೊಂಡರೆ ಉತ್ತರ ದಾರಿಯಲ್ಲಿ 120 ಮಿಲಿಸೆಕೆಂಡ್ ಕಳೆದಿದೆ. ಹಾಗಾಗಿ ಈ ಕ್ಷಣ ಸರ್ವರಿನಲ್ಲಿ 3 ಸೆಕೆಂಡ್ 240. ನನ್ನಲ್ಲಿ 240. ನಾನು ಸರಿಯಾಗಿ ಮೂರು ಸೆಕೆಂಡ್ ಹಿಂದೆ. ಇನ್ನು ಮುಂದೆ ನನ್ನ ಗಡಿಯಾರಕ್ಕೆ ಮೂರು ಸೆಕೆಂಡ್ ಕೂಡಿಸಿಕೊಂಡರೆ ಸರ್ವರಿನ ಸಮಯ ಸಿಕ್ಕಿಬಿಟ್ಟಿತು.

1989ರಲ್ಲಿ ಕಂಪ್ಯೂಟರ್ ವಿಜ್ಞಾನಿ ಫ್ಲಾವಿಯು ಕ್ರಿಸ್ಟಿಯನ್ ವಿವರಿಸಿದ ವಿಧಾನ ಇದೇ. ಎನ್‌ಟಿಪಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಸಂದೇಶ ಸರ್ವರಿಗೆ ಮುಟ್ಟಿದ ಹೊತ್ತು, ಅಲ್ಲಿಂದ ಹೊರಟ ಹೊತ್ತು ಎರಡನ್ನೂ ಬರೆದುಕೊಳ್ಳುತ್ತದೆ. ಸರ್ವರ್ ಯೋಚಿಸಲು ತೆಗೆದುಕೊಂಡ ಸಮಯ ಆಗ ಲೆಕ್ಕದಿಂದ ಹೊರಗೆ ಬೀಳುತ್ತದೆ.

ಇದರಲ್ಲಿ ಒಂದು ತೂತು ಇದೆ. "ಹೋಗಲು ಅರ್ಧ, ಬರಲು ಅರ್ಧ" ಅಂತ ಹೇಳಿದವರು ಯಾರು? ಅದು ಬರೀ ಊಹೆ. ಮೊಬೈಲ್ ನೆಟ್‌ವರ್ಕಿನಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡರ ವೇಗ ಬೇರೆ ಬೇರೆ. ಸುಮ್ನೆ ಬಿದ್ದಿದ್ದ ಫೋನಿನ ರೇಡಿಯೋ ಎದ್ದೇಳಲೇ ಸ್ವಲ್ಪ ಹೊತ್ತು ಬೇಕು, ಆ ತಡವೆಲ್ಲ ಹೋಗುವ ಲೆಕ್ಕಕ್ಕೆ ಸೇರುತ್ತದೆ. ನಿಜಕ್ಕೂ ಹೋಗಲು 40, ಬರಲು 200 ಮಿಲಿಸೆಕೆಂಡ್ ಹಿಡಿದಿದ್ದರೆ ನಮ್ಮ ಲೆಕ್ಕ 80 ಮಿಲಿಸೆಕೆಂಡ್ ತಪ್ಪಿರುತ್ತದೆ. ಎಷ್ಟು ತಪ್ಪಿದೆ ಅಂತ ಒಂದು ಕಡೆ ಕೂತು ಕಂಡುಹಿಡಿಯುವ ದಾರಿಯೇ ಇಲ್ಲ. ಯಾವ ಬುದ್ಧಿವಂತ ಲೈಬ್ರರಿ ತಂದರೂ ಇಲ್ಲ. ಖಾತ್ರಿಯಾಗಿ ಹೇಳಬಹುದಾದದ್ದು ಇಷ್ಟೇ: ತಪ್ಪು ಎಷ್ಟೇ ಇದ್ದರೂ ಹೋಗಿ ಬರುವ ಸಮಯದ ಅರ್ಧವನ್ನು ದಾಟುವುದಿಲ್ಲ.

ಹಾಗಾದರೆ ಹೋಗಿ ಬರುವ ಸಮಯ ಕಮ್ಮಿ ಇದ್ದಷ್ಟೂ ಒಳ್ಳೆಯದು. ಅದಕ್ಕೂ ಒಂದು ಮಿತಿ ಇದೆ. ಫೈಬರ್ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ತೀರಕ್ಕೆ ನೆಟ್ಟಗೆ ಗೆರೆ ಎಳೆದರೂ 13,000 ಕಿಲೋಮೀಟರಿಗಿಂತ ಜಾಸ್ತಿ. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೆಟ್ಟಗೆ ಹೋಗುವುದಿಲ್ಲವಾದ್ದರಿಂದ ನಿಜಕ್ಕೂ ಹಿಡಿಯುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಸರ್ವರನ್ನು ಮುಂಬೈಯಲ್ಲಿ ಇಟ್ಟರೆ ಕರ್ನಾಟಕದವರಿಗೆ ಲಾಭ, ನ್ಯೂಜೆರ್ಸಿಯವರಿಗೆ ಅಷ್ಟೇ ನಷ್ಟ.

ಮಿತಿಯೊಳಗೆ ಮಾಡಬಹುದಾದ ಒಂದು ಉಪಾಯ ಇದೆ. ಒಂದೇ ಸಲ ಕೇಳಿ ಸುಮ್ಮನಾಗಬೇಡಿ. ಏಳೆಂಟು ಸಲ ಕೇಳಿ. ಬಹಳ ಜನ ಬಂದ ಉತ್ತರಗಳ ಸರಾಸರಿ ತೆಗೆಯುತ್ತಾರೆ. ನನ್ನ ಪ್ರಕಾರ ಅದು ತಪ್ಪು ದಾರಿ. ನೆಟ್‌ವರ್ಕಿನ ತಡ ಯಾವಾಗಲೂ ಕೂಡುತ್ತದೆ, ಕಳೆಯುವುದಿಲ್ಲ. ಒಂದು ಸಂದೇಶ ಎಲ್ಲೋ ಸಿಕ್ಕಿಹಾಕಿಕೊಂಡು ಎರಡು ಸೆಕೆಂಡ್ ತಡವಾಗಿ ಬಂದರೆ ಇಡೀ ಸರಾಸರಿ ಕೆಡುತ್ತದೆ. ಎಲ್ಲಕ್ಕಿಂತ ಬೇಗ ಹೋಗಿ ಬಂದ ಒಂದನ್ನು ಮಾತ್ರ ನಂಬಿ, ಉಳಿದದ್ದನ್ನು ಬಿಟ್ಟುಬಿಡಿ. ಎನ್‌ಟಿಪಿಯ ಒಳಗೂ ಕೊನೆಯ ಎಂಟು ಅಳತೆಗಳಲ್ಲಿ ಕಮ್ಮಿ ತಡ ಇರುವುದನ್ನೇ ಆರಿಸುತ್ತಾರೆ. ಮೊಟ್ಟಮೊದಲ ಅಳತೆಯನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಡಿ. ಸರ್ವರಿನ ವಿಳಾಸ ಹುಡುಕುವುದು, ಸಂಪರ್ಕ ಕಟ್ಟುವುದು, ಎನ್‌ಕ್ರಿಪ್ಷನ್ ಕೀಲಿ ಹಂಚಿಕೊಳ್ಳುವುದು ಎಲ್ಲ ಅದರಲ್ಲೇ ಸೇರಿಕೊಂಡಿರುತ್ತದೆ. ವೆಬ್‌ಸಾಕೆಟ್ ಎಂಬ, ಒಮ್ಮೆ ಕಟ್ಟಿದರೆ ತೆರೆದೇ ಇರುವ ಸಂಪರ್ಕ ಇಟ್ಟುಕೊಂಡು ಅದರ ಮೇಲೆ ಕೇಳಿದರೆ ಈ ಗಲಾಟೆ ಇಲ್ಲ. ಸರ್ವರ್ ಪುಟ ಕಳಿಸುವಾಗ ಬರುವ ಎಚ್‌ಟಿಟಿಪಿ ಉತ್ತರದ ತಲೆಬರಹದಲ್ಲೂ (ಹೆಡರ್) ಸಮಯ ಬರುತ್ತದಲ್ಲ ಅಂತ ಕೆಲವರು ಅದನ್ನು ಬಳಸುತ್ತಾರೆ. ಅದರಲ್ಲಿ ಇರುವುದು ಪೂರ್ತಿ ಸೆಕೆಂಡ್ ಮಾತ್ರ. ಕ್ವಿಜ್‌ಗೆ ಸಾಲದು.

ಗಡಿಯಾರ ಹಿಂದಕ್ಕೆ ಹೋದರೆ?

ಅಂತರ ಸಿಕ್ಕಿತು. ಈಗ ಅದನ್ನು ಯಾವುದಕ್ಕೆ ಕೂಡಿಸುತ್ತೀರಿ?

ಬ್ರೌಸರಿನಲ್ಲಿ ಎರಡು ಗಡಿಯಾರ ಇವೆ. ಡೇಟ್.ನೌ ಎಂಬುದು ಗೋಡೆ ಗಡಿಯಾರ. ಕಂಪ್ಯೂಟರಿನ ತಾರೀಖು, ಸಮಯವನ್ನು ಇದ್ದ ಹಾಗೆ ಹೇಳುತ್ತದೆ. ಆಟದ ನಡುವೆ ಯಾರಾದರೂ ಸೆಟ್ಟಿಂಗ್‌ಗೆ ಹೋಗಿ ಸಮಯ ಬದಲಾಯಿಸಿದರೆ, ಅಥವಾ ಆಪರೇಟಿಂಗ್ ಸಿಸ್ಟಂ ತಾನಾಗಿ ತಿದ್ದಿಕೊಂಡರೆ, ಇದೂ ಜಿಗಿಯುತ್ತದೆ. ಹಿಂದಕ್ಕೂ ಜಿಗಿಯಬಹುದು. ಪರ್ಫಾರ್ಮೆನ್ಸ್.ನೌ ಎಂಬುದು ಸ್ಟಾಪ್‌ವಾಚ್. ಪುಟ ತೆರೆದಾಗಿನಿಂದ ಎಷ್ಟು ಹೊತ್ತಾಯಿತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಮುಂದಕ್ಕೆ ಮಾತ್ರ ಓಡುತ್ತದೆ. ಅಂತರ ಅಳೆಯುವುದು, ಕೂಡಿಸುವುದು ಎರಡನ್ನೂ ಸ್ಟಾಪ್‌ವಾಚ್ ಮೇಲೆಯೇ ಮಾಡಿ. ಕಂಪ್ಯೂಟರಿನ ಗೋಡೆ ಗಡಿಯಾರ ಏನು ಹೇಳುತ್ತದೆ ಎಂಬುದನ್ನು ನೋಡುವ ಅಗತ್ಯವೇ ಇಲ್ಲ.

ಸಮಯ ಹಿಂದಕ್ಕೆ ಹೋಗುವುದು ದೊಡ್ಡ ಕಂಪನಿಗಳಿಗೂ ಕಾಟ ಕೊಟ್ಟಿದೆ. ಭೂಮಿಯ ತಿರುಗುವಿಕೆಗೆ ತಾಳೆಯಾಗಲೆಂದು ಆಗೊಮ್ಮೆ ಈಗೊಮ್ಮೆ ಯುಟಿಸಿಗೆ ಒಂದು ಲೀಪ್ ಸೆಕೆಂಡ್ ಸೇರಿಸುತ್ತಾರೆ. 1972ರಿಂದ ಈವರೆಗೆ 27 ಸಲ ಸೇರಿಸಿದ್ದಾರೆ. ಕೊನೆಯದು 2016ರ ಕಡೆಯ ದಿನ. ನಮ್ಮಲ್ಲಿ ಆಗ 2017ರ ಜನವರಿ 1, ಬೆಳಿಗ್ಗೆ ಐದೂವರೆ. ಆ ಕ್ಷಣ ಗಡಿಯಾರ ಒಂದು ಸೆಕೆಂಡ್ ಹಿಂದಕ್ಕೆ ಸರಿದಂತಾಗಿ, ಕ್ಲೌಡ್‌ಫ್ಲೇರ್ ಕಂಪನಿಯ ಕೆಲವು ಸರ್ವರುಗಳಲ್ಲಿ ಒಂದು ಕೆಲಸಕ್ಕೆ ಹಿಡಿದ ಸಮಯ ಸೊನ್ನೆಗಿಂತ ಕಡಿಮೆ ಅಂತ ಲೆಕ್ಕ ಬಂತು. ಪ್ರೋಗ್ರಾಂ ಬರೆದವರು ಹಾಗೆ ಆಗಬಹುದು ಅಂತ ಎಣಿಸಿಯೇ ಇರಲಿಲ್ಲ, ಅದು ನಿಂತುಹೋಯಿತು. ಲೀಪ್ ಸೆಕೆಂಡ್ ಸಹವಾಸವನ್ನೇ 2035ರೊಳಗೆ ಬಿಡಬೇಕು ಅಂತ ಅಳತೆ ಮಾನಗಳ ಅಂತರರಾಷ್ಟ್ರೀಯ ಸಭೆ 2022ರಲ್ಲಿ ತೀರ್ಮಾನಿಸಿದೆ.

ಸ್ಟಾಪ್‌ವಾಚ್‌ಗೂ ಕೊರತೆಗಳಿವೆ. ಸ್ಪೆಕ್ಟರ್ ಎಂಬ ಭದ್ರತಾ ದೋಷ 2018ರಲ್ಲಿ ಹೊರಬಂದ ಮೇಲೆ ಬ್ರೌಸರುಗಳು ಅದರ ಸೂಕ್ಷ್ಮತೆಯನ್ನು ಬೇಕಂತಲೇ ತಗ್ಗಿಸಿದವು. ಕ್ವಿಜ್‌ಗೆ ಅದರಿಂದ ತೊಂದರೆ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ತೊಂದರೆ ಇದೆ. ಕೆಲವು ಕಡೆ ಕಂಪ್ಯೂಟರ್ ಮಲಗಿದಾಗ ಈ ಸ್ಟಾಪ್‌ವಾಚ್ ಕೂಡ ಮಲಗುತ್ತದೆ. ಟ್ಯಾಬ್ ಮತ್ತೆ ಕಣ್ಣಿಗೆ ಬಿದ್ದ ಕೂಡಲೇ ಇನ್ನೊಮ್ಮೆ ಅಳೆದುಬಿಡಿ.

ಕೌಂಟ್‌ಡೌನ್ ಮತ್ತು ವಿಡಿಯೋ

ಹೊಸಬರು ಕೌಂಟ್‌ಡೌನ್ ಬರೆಯುವ ರೀತಿ ಹೀಗಿರುತ್ತದೆ: ಸರ್ವರ್ ಪ್ರತಿ ಸೆಕೆಂಡಿಗೂ "9", "8", "7" ಅಂತ ಕಳಿಸುತ್ತದೆ. ಒಂದು ಸಂದೇಶ ತಡವಾದರೆ 7 ಅಲ್ಲೇ ನಿಂತು, ಆಮೇಲೆ 6, 5 ಒಟ್ಟಿಗೆ ದಡಬಡ ಬರುತ್ತವೆ. ಇನ್ನು ಕೆಲವರು ಪುಟದಲ್ಲೇ ಟೈಮರ್ ಇಟ್ಟು ಸೆಕೆಂಡಿಗೊಮ್ಮೆ ಒಂದು ಕಳೆಯುತ್ತಾರೆ. ಅದೂ ಕೆಡುತ್ತದೆ. ಟ್ಯಾಬ್ ಹಿಂದೆ ಸರಿದಾಗ ಬ್ರೌಸರುಗಳು ಟೈಮರನ್ನು ನಿಧಾನ ಮಾಡುತ್ತವೆ. 2021ರಿಂದ ಕ್ರೋಮ್, ಐದು ನಿಮಿಷಕ್ಕಿಂತ ಹೆಚ್ಚು ಮರೆಯಾದ ಟ್ಯಾಬುಗಳ ಟೈಮರನ್ನು ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸುವುದೂ ಉಂಟು.

ಮುಗಿಯುವ ಹೊತ್ತನ್ನು ಸರ್ವರ್ ಸಮಯದಲ್ಲಿ ಒಮ್ಮೆ ಕಳಿಸಿ ಬಿಡಿ. ಪರದೆ ಚಿತ್ರಿಸುವಾಗಲೆಲ್ಲ ಈಗಿನ ಸರ್ವರ್ ಸಮಯವನ್ನು ಅದರಿಂದ ಕಳೆದರೆ ಎಷ್ಟು ಉಳಿದಿದೆ ಅಂತ ಸಿಗುತ್ತದೆ. ನಡುವೆ ಏನೇ ತಡವಾದರೂ ಮುಂದಿನ ಸಲ ಸರಿಯಾದ ಸಂಖ್ಯೆಯೇ ಬರುತ್ತದೆ. ಪ್ರಶ್ನೆಯನ್ನೂ "ಈಗ ತೋರಿಸು" ಅಂತ ಕಳಿಸಬೇಡಿ. "ಇನ್ನೆರಡು ಸೆಕೆಂಡ್ ಆದ ಮೇಲೆ, ಇಂಥ ಗಳಿಗೆಗೆ ತೋರಿಸು" ಅಂತ ಕಳಿಸಿ. ನ್ಯೂಜೆರ್ಸಿಯವರಿಗೆ ಸಂದೇಶ ತಡವಾಗಿ ಮುಟ್ಟಿದರೂ ಆ ಗಳಿಗೆಗೆ ಮುಂಚೆ ಮುಟ್ಟಿರುತ್ತದೆ.

ಸ್ನೇಹಿತರೆಲ್ಲ ಬೇರೆ ಬೇರೆ ಊರಿನಲ್ಲಿ ಕೂತು ಒಟ್ಟಿಗೆ ವಿಡಿಯೋ ನೋಡುವುದೂ ಇದೇ ಲೆಕ್ಕ. "ಸರ್ವರಿನ ಇಂಥ ಹೊತ್ತಿಗೆ ವಿಡಿಯೋ 12ನೇ ನಿಮಿಷದಲ್ಲಿತ್ತು, ಓಡುತ್ತಿದೆ" ಎಂಬ ಒಂದು ಸಾಲು ಸಾಕು. ಈಗ ಎಲ್ಲಿರಬೇಕು ಅಂತ ಪ್ರತಿಯೊಬ್ಬರ ಪ್ಲೇಯರ್ ತಾನೇ ಲೆಕ್ಕ ಹಾಕುತ್ತದೆ. ಯಾರಾದರೂ ಅರ್ಧ ಸೆಕೆಂಡ್ ಹಿಂದೆ ಬಿದ್ದರೆ ತಟ್ಟನೆ ಮುಂದಕ್ಕೆ ಹಾರಿಸುವುದಕ್ಕಿಂತ ವೇಗವನ್ನು ನೂರಕ್ಕೆ ಎರಡರಷ್ಟು ಏರಿಸುವುದು ವಾಸಿ. ಇಪ್ಪತ್ತೈದು ಸೆಕೆಂಡಿನಲ್ಲಿ ಸರಿಹೋಗುತ್ತದೆ. ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ಯಾರು ಮೊದಲು?

ಇಲ್ಲಿಯವರೆಗೆ ಐವತ್ತು, ನೂರು ಮಿಲಿಸೆಕೆಂಡ್ ತಪ್ಪಿದರೂ ನಡೆಯುತ್ತಿತ್ತು. ಹಿಂದೆ ಮುಂದೆ ತೀರ್ಮಾನಿಸುವಾಗ ನಡೆಯುವುದಿಲ್ಲ. ಇಬ್ಬರು ಒಂದೇ ಡಾಕ್ಯುಮೆಂಟಿನ ಒಂದೇ ಸಾಲನ್ನು 30 ಮಿಲಿಸೆಕೆಂಡ್ ಅಂತರದಲ್ಲಿ ತಿದ್ದಿದರೆ, 80 ತಪ್ಪಿರುವ ಗಡಿಯಾರ ನ್ಯಾಯ ಹೇಳಲಾರದು.

ಗಡಿಯಾರ ಬಿಟ್ಟೇ ಕ್ರಮ ಹೇಳಬಹುದು ಅಂತ 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ತೋರಿಸಿದರು. ಪ್ರತಿ ಕಂಪ್ಯೂಟರೂ ಒಂದು ಎಣಿಕೆ ಇಟ್ಟುಕೊಳ್ಳುತ್ತದೆ. ಏನಾದರೂ ನಡೆದಾಗ ಅದನ್ನು ಒಂದು ಏರಿಸುತ್ತದೆ. ಸಂದೇಶ ಕಳಿಸುವಾಗ ಎಣಿಕೆಯನ್ನೂ ಜೊತೆಗಿಡುತ್ತದೆ. ಪಡೆದವರು ತಮ್ಮ ಎಣಿಕೆ, ಬಂದ ಎಣಿಕೆ ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕಿಂತ ಒಂದು ಮುಂದೆ ಹಾಕಿಕೊಳ್ಳುತ್ತಾರೆ. ಅಷ್ಟೇ. ಕಾರಣ ಯಾವಾಗಲೂ ಪರಿಣಾಮಕ್ಕಿಂತ ಚಿಕ್ಕ ಸಂಖ್ಯೆ ಪಡೆಯುತ್ತದೆ, ಪ್ರಶ್ನೆಗೆ ಮುಂಚೆ ಉತ್ತರ ಬಂದಂತೆ ಎಂದೂ ಕಾಣುವುದಿಲ್ಲ.

ನಡುವೆ ಒಂದು ಸರ್ವರ್ ಇರುವ ವೆಬ್ ಆ್ಯಪ್‌ಗೆ ಇನ್ನೂ ಸುಲಭ. ಬಂದದ್ದಕ್ಕೆ ಬಂದ ಹಾಗೆ ಸರ್ವರ್ ಕ್ರಮಸಂಖ್ಯೆ ಹಚ್ಚಿದರೆ ಮುಗಿಯಿತು. ಹಲವರು ಒಟ್ಟಿಗೆ ವಿನ್ಯಾಸ ಬಿಡಿಸುವ ಫಿಗ್ಮಾ ಆ್ಯಪ್‌ನಲ್ಲಿ ಇಬ್ಬರು ಒಂದೇ ಆಕೃತಿಯ ಬಣ್ಣವನ್ನು ಬದಲಾಯಿಸಿದರೆ ಸರ್ವರಿಗೆ ಕೊನೆಗೆ ಮುಟ್ಟಿದ ಬಣ್ಣ ಉಳಿಯುತ್ತದೆ. ಯಾರ ಲ್ಯಾಪ್‌ಟಾಪಿನಲ್ಲಿ ಎಷ್ಟು ಗಂಟೆಯಾಗಿತ್ತು ಅಂತ ಯಾರೂ ಕೇಳುವುದಿಲ್ಲ.

ಈ ಯೋಚನೆಯನ್ನು ತುದಿಯವರೆಗೆ ಎಳೆದವರೂ ಇದ್ದಾರೆ. ಕಂಪ್ಯೂಟರ್ ವಿಜ್ಞಾನಿಗಳಾದ ಅಲನ್ ಕೇ, ಡೇವಿಡ್ ಸ್ಮಿತ್, ಡೇವಿಡ್ ರೀಡ್ ಮುಂತಾದವರು ಕಟ್ಟಿದ, ಹಲವರು ಒಂದೇ ಲೋಕವನ್ನು ಹಂಚಿಕೊಳ್ಳುವ ಕ್ರೋಕೆ ಎಂಬ ವ್ಯವಸ್ಥೆಯಲ್ಲಿ ಸಮಯವೇ ಸರ್ವರಿನಿಂದ ಬರುತ್ತದೆ. ಅದರ ಈಗಿನ ವೆಬ್ ರೂಪದಲ್ಲಿ ಎಲ್ಲರ ಬ್ರೌಸರಿನಲ್ಲೂ ಒಂದೇ ಪ್ರೋಗ್ರಾಂ ಓಡುತ್ತದೆ. ನಡುವಿನ ಸರ್ವರ್ ಏನನ್ನೂ ಲೆಕ್ಕ ಹಾಕುವುದಿಲ್ಲ. ಬಂದ ಪ್ರತಿ ಕ್ಲಿಕ್ಕಿಗೂ ಸಮಯದ ಮುದ್ರೆ ಒತ್ತಿ ಎಲ್ಲರಿಗೂ ವಾಪಸ್ ಎಸೆಯುತ್ತದೆ. ಯಾರೂ ಏನೂ ಮಾಡದೆ ಇದ್ದಾಗ ಖಾಲಿ ಮುದ್ರೆಗಳನ್ನು ಕಳಿಸುತ್ತಿರುತ್ತದೆ. ಆಟದೊಳಗಿನ ಗಡಿಯಾರ ಮುಂದೆ ಸಾಗುವುದು ಮುದ್ರೆ ಬಂದಾಗ ಮಾತ್ರ. ನೆಟ್ ನಿಂತರೆ ಆ ಲೋಕದಲ್ಲಿ ಸಮಯವೂ ನಿಲ್ಲುತ್ತದೆ. ಚೆಂಡು ಗೋಡೆಗೆ ಬಡಿಯುವ ಗಳಿಗೆ ಎಲ್ಲರ ಲೆಕ್ಕದಲ್ಲೂ ಒಂದೇ, ಏಕೆಂದರೆ ಲೆಕ್ಕವೂ ಒಂದೇ, ಮುದ್ರೆಗಳೂ ಅವೇ.

1997ರ ಏಜ್ ಆಫ್ ಎಂಪೈರ್ಸ್ ಆಟದ್ದೂ ಇದರ ಹತ್ತಿರದ ಜಾಣತನ. ಆಗಿನ ಡಯಲ್‌ಅಪ್ ಮೋಡೆಮ್‌ನಲ್ಲಿ ನೂರಾರು ಸೈನಿಕರ ಜಾಗವನ್ನು ಕಳಿಸುತ್ತ ಕೂರಲು ಆಗುತ್ತಿರಲಿಲ್ಲ. ಆಟಗಾರರ ಅಪ್ಪಣೆಗಳನ್ನು ಮಾತ್ರ ಕಳಿಸಿ, ಅವನ್ನು ಎರಡು ಸರದಿ ಬಿಟ್ಟು ಎಲ್ಲ ಕಂಪ್ಯೂಟರಿನಲ್ಲೂ ಒಟ್ಟಿಗೆ ಜಾರಿ ಮಾಡುತ್ತಿದ್ದರು.

ಇದಕ್ಕೆ ತೆರಬೇಕಾದ ಬೆಲೆ ಇದೆ. ನಿಮ್ಮದೇ ಕ್ಲಿಕ್ಕಿನ ಫಲ ನಿಮಗೇ ಕಾಣಲು ಅದು ಸರ್ವರಿಗೆ ಹೋಗಿ ಬರಬೇಕು. ಲೆಕ್ಕವೂ ಎಲ್ಲ ಕಡೆ ಕೂದಲೆಳೆಯಷ್ಟೂ ಬೇರೆಯಾಗಬಾರದು. ರ‍್ಯಾಂಡಮ್ ಸಂಖ್ಯೆಗಳು ಎಲ್ಲರಲ್ಲೂ ಒಂದೇ ಬೀಜದಿಂದ, ಅಂದರೆ ಒಂದೇ ಆರಂಭದ ಸಂಖ್ಯೆಯಿಂದ, ಹುಟ್ಟಬೇಕು. ಸೈನ್, ಕೊಸೈನ್‌ನಂಥ ಲೆಕ್ಕಗಳಿಗೆ ಎಲ್ಲ ಬ್ರೌಸರುಗಳೂ ಕೊನೆಯ ಅಂಕಿಯವರೆಗೆ ಒಂದೇ ಉತ್ತರ ಕೊಡಬೇಕೆಂಬ ನಿಯಮ ಜಾವಾಸ್ಕ್ರಿಪ್ಟಿನಲ್ಲಿ ಇಲ್ಲ. ಅದನ್ನೂ ಸರಿಪಡಿಸಿಕೊಳ್ಳಬೇಕು.

ಕ್ವಿಜ್‌ನ ಬಟನ್

ಕ್ವಿಜ್‌ಗೆ ಇಷ್ಟೆಲ್ಲ ಬೇಡ. ಆದರೆ "ಸರ್ವರಿಗೆ ಮೊದಲು ಮುಟ್ಟಿದವರೇ ಮೊದಲು" ಅಂದರೆ ನ್ಯೂಜೆರ್ಸಿಯವರು ಎಂದೂ ಗೆಲ್ಲುವುದಿಲ್ಲ. "ನಾನು ಇಷ್ಟು ಹೊತ್ತಿಗೆ ಒತ್ತಿದೆ" ಅಂತ ಅವರ ಬ್ರೌಸರ್ ಹೇಳಿದ್ದನ್ನು ಸುಮ್ನೆ ನಂಬಿದರೆ, ಪ್ರೋಗ್ರಾಂ ಗೊತ್ತಿರುವ ಯಾರು ಬೇಕಾದರೂ ಸುಳ್ಳು ಹೇಳಬಹುದು.

ನಾನು ಒಪ್ಪುವುದು ನಡುದಾರಿ. ಪ್ರಶ್ನೆ ಪರದೆ ಮೇಲೆ ಬಂದ ಗಳಿಗೆಯಿಂದ ಒತ್ತುವವರೆಗೆ ಎಷ್ಟು ಹೊತ್ತಾಯಿತು ಅಂತ ಆ ಬ್ರೌಸರಿನ ಸ್ಟಾಪ್‌ವಾಚ್‌ನಲ್ಲೇ ಅಳೆದು ಕಳಿಸಿ. ಸರ್ವರ್ ಅದನ್ನು ಜರಡಿ ಹಿಡಿಯಲಿ. ಆ ಆಟಗಾರರ ಸಂದೇಶ ಹೋಗಿ ಬರಲು ಸಾಮಾನ್ಯವಾಗಿ 240 ಮಿಲಿಸೆಕೆಂಡ್ ಅಂತ ಸರ್ವರಿಗೆ ಮೊದಲೇ ಗೊತ್ತು. ಪ್ರಶ್ನೆ ತೋರಿಸಿ 1,500 ಆದಾಗ ಉತ್ತರ ಮುಟ್ಟಿತು, ಅವರು "1,350ಕ್ಕೆ ಒತ್ತಿದೆ" ಅನ್ನುತ್ತಾರೆ. ದಾರಿಗೆ 150 ಹಿಡಿದಿದೆ, ನಂಬಬಹುದು. "700ಕ್ಕೇ ಒತ್ತಿದ್ದೆ" ಅಂದರೆ ದಾರಿಯಲ್ಲಿ 800 ಕಳೆದಿರಬೇಕು, ಅದು ಆಗದ ಮಾತು. ಅಂಥದ್ದಕ್ಕೆ ಮುಟ್ಟಿದ ಹೊತ್ತಿನಿಂದ 240 ಮಾತ್ರ ಕಳೆದು ಅಂಕ ಕೊಡಿ. ಮೋಸ ಪೂರ್ತಿ ನಿಲ್ಲುವುದಿಲ್ಲ, ಆದರೆ ಯಾರೇ ಮೋಸ ಮಾಡಿದರೂ ಕದಿಯಬಹುದಾದದ್ದು ಕಾಲು ಸೆಕೆಂಡಿನೊಳಗೆ. ಅದಕ್ಕಿಂತ ಕಮ್ಮಿ ಅಂತರದಲ್ಲಿ ಇಬ್ಬರು ಒತ್ತಿದರೆ ಇಬ್ಬರಿಗೂ ಅಂಕ ಹಂಚಿಬಿಡುವುದು ನನ್ನ ಸಲಹೆ. ನಮ್ಮ ಅಳತೆಗೇ ಅಷ್ಟು ಸೂಕ್ಷ್ಮ ಗೊತ್ತಿಲ್ಲದಿರುವಾಗ ಗೆದ್ದವರನ್ನು ಘೋಷಿಸುವುದು ನಾಣ್ಯ ಚಿಮ್ಮಿದ ಹಾಗೆ.

ಕಟ್ಟಿ ಮುಗಿಸಿದ ಮೇಲೆ ಪರೀಕ್ಷೆಗೆ ಒಂದೇ ಮನೆಯ ವೈಫೈನಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಒಂದರ ಗಡಿಯಾರವನ್ನು ಐದು ನಿಮಿಷ ಮುಂದೆ ಹಾಕಿ. ಫೋನಿನಲ್ಲಿ ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಆಟದ ನಡುವೆ ಇನ್ನೊಂದು ಟ್ಯಾಬಿಗೆ ಹೋಗಿ ಬನ್ನಿ, ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಒಂದು ನಿಮಿಷ ಬಿಟ್ಟು ತೆಗೆಯಿರಿ. ಕೌಂಟ್‌ಡೌನ್ ಎಲ್ಲದರಲ್ಲೂ ಒಂದೇ ಸಂಖ್ಯೆ ತೋರಿಸುತ್ತಿದ್ದರೆ ಆಟಗಾರರನ್ನು ಕರೆಯಬಹುದು.